ಕಲ್ಲುಸಕ್ಕರೆಯ ಕನಸು

ಬಹಳ ಹಿಂದೆ, ಬೆಟ್ಟಗಳು ಬೇಸರ ಬಂದಾಗ ಎದ್ದು ನಡೆಯುತ್ತಿದ್ದ ಕಾಲದಲ್ಲಿ, ನಗೆಗಿರಿ ಎಂಬ ರಾಜ್ಯವಿತ್ತು. ಅದರ ಕೋಟೆಗೆ ಮೂವತ್ತೆರಡು ಬಿಳಿ ಬುರುಜು. ರಾಜನ ಹಲ್ಲು ಅಲ್ಲಾಡಿದರೆ ಬುರುಜು ಅಲ್ಲಾಡುತ್ತಿತ್ತು, ಹಲ್ಲು ಉದುರಿದರೆ ಬುರುಜೂ ಉದುರುತ್ತಿತ್ತು. ಹಾಗಾಗಿ ಅಲ್ಲಿ ರಾಜ ಹಲ್ಲುಜ್ಜುವುದೇ ದಿನದ ಮೊದಲ ರಾಜಕಾರ್ಯ. ರಾಣಿ ಮಾಣಿಕ್ಯಾಂಬೆ ಹಿತ್ತಿಲ ಬೇವಿನ ಮರದಿಂದ ತಾನೇ ಕಡ್ಡಿ ಮುರಿದು, ತುದಿ ಮೆತ್ತಗಾಗುವವರೆಗೆ ಜಜ್ಜಿ, ಗಂಡ ಸೋಮಭೂಪನಿಗೂ ಮಗಳು ಚಂಪಕೆಗೂ ಕೊಡುತ್ತಿದ್ದಳು. ಮಲಗುವ ಮುಂಚೆ ಇಬ್ಬರೂ ಬಾಯಿ ಮುಕ್ಕಳಿಸಿ, 'ಆ' ಎಂದು ತೆರೆದು ತೋರಿಸಬೇಕು. ಆಮೇಲೇ ಅವಳು ದೀಪ ಸಣ್ಣದು ಮಾಡುತ್ತಿದ್ದಳು. ರಾಜನೆಂದು ರಿಯಾಯಿತಿ ಇರಲಿಲ್ಲ.

ಒಂದು ಚಳಿಗಾಲದಲ್ಲಿ ರಾಣಿ ತೀರಿಕೊಂಡಳು. ರಾಜ ಊಟ ಬಿಟ್ಟ, ಮಾತು ಬಿಟ್ಟ. ಆಗ ಬಂದವನೇ ಮಾಂತ್ರಿಕ ಜೇನುಜಡೆ. ಅವನ ತಲೆಯ ಮೇಲೆ ಕೂದಲಿರಲಿಲ್ಲ, ಜೇನುಗೂಡುಗಳು ಜೋತಾಡುತ್ತಿದ್ದವು. ಒಂದು ಬೆಳ್ಳಿ ಡಬ್ಬಿ ತುಂಬ ಕಲ್ಲುಸಕ್ಕರೆ ಕಾಣಿಕೆ ಕೊಟ್ಟು, ಒಂದು ಹರಳನ್ನು ದವಡೆಯಲ್ಲಿಟ್ಟುಕೊಂಡು ಮಲಗಿದರೆ ರಾಣಿ ಕಾಣುತ್ತಾಳೆ ಎಂದ. ಅವನು ಹೇಳಿದಂತೆಯೇ ಕಂಡಳು.

ಅಂದಿನಿಂದ ರಾಜನಿಗೆ ಹಗಲೂ ನಿದ್ದೆ, ಇರುಳೂ ನಿದ್ದೆ. ಕಾಣಿಕೆಯಾಗಿ ಬಂದ ಸಿಹಿಯನ್ನು ಉಗಿಯುವುದು ಆ ನಾಡಿನಲ್ಲಿ ಮಹಾ ಅಪಚಾರ, ಆದ್ದರಿಂದ ಮಂತ್ರಿಗಳು ತುಟಿ ಬಿಚ್ಚಲಿಲ್ಲ. ಮರ್ಯಾದೆಗೆ ಹೆದರಿ ಕೋಟೆ ಕಳೆದುಕೊಳ್ಳುವ ಜನ ಅವರು! ರಾಜನ ವಸಡು ಬಾತಿತು. ಎಂದಾದರೊಮ್ಮೆ ಕಡ್ಡಿ ತಾಗಿಸಿದರೆ ರಕ್ತ ಬರುತ್ತಿತ್ತು. ರಕ್ತ ಬರುತ್ತದೆಂದು ಕಡ್ಡಿಯನ್ನೇ ಬಿಟ್ಟ, ಬಿಟ್ಟಿದ್ದಕ್ಕೆ ವಸಡು ಇನ್ನಷ್ಟು ಬಾತಿತು. ಬುರುಜುಗಳು ಒಂದೊಂದಾಗಿ ಕುಸಿದವು. ಕೊನೆಯದು ಬಿದ್ದ ದಿನ ಸಿಂಹಾಸನ ಏರೋಣವೆಂದು ಜೇನುಜಡೆ ಹೆಬ್ಬಾಗಿಲ ಎದುರೇ ಡೇರೆ ಹಾಕಿ ಕೂತ.

ಚಂಪಕೆ ಹಿತ್ತಿಲಿಗೆ ಹೋಗಿ ಬೇವಿನ ಮರವನ್ನು ತಬ್ಬಿ ಅತ್ತಳು. ಅಮ್ಮ ಹೋದಳು, ಅಪ್ಪನೂ ಕಣ್ಣೆದುರೇ ಹೋಗುತ್ತಿದ್ದಾನೆ ಎಂಬ ಸಂಕಟ ಅವಳದು. ಮರಕ್ಕೆ ಕನಿಕರವಾಯಿತು. ಜೇನುಬೆಟ್ಟದಾಚೆ ನೆಲದಿಂದ ಉಕ್ಕುವ ತಣ್ಣನೆಯ ಒಂದು ಊಟೆಯಿದೆ, ಅದರ ನೀರಿನಿಂದ ರಾಜ ತಾನೇ ಒಪ್ಪಿ ಬಾಯಿ ಮುಕ್ಕಳಿಸಿದರೆ ಮಾಯೆ ಕಳೆಯುತ್ತದೆ, ಬಲವಂತ ಮಾಡಿದರೆ ಇಲ್ಲ ಎಂದು ಹೇಳಿ, ಒಂದು ಎಳೆಯ ಕಡ್ಡಿಯನ್ನು ಅವಳ ಕೈಗೆ ಉದುರಿಸಿತು. ಚಂಪಕೆ ಒಂದು ಚೆಂಬು ನೀರು, ಒಂದು ಚಿಟಿಕೆ ಉಪ್ಪು ಹಿಡಿದು ಹೊರಟಳು.

ಬೆಟ್ಟದ ಬುಡದಲ್ಲಿ ಒಂದು ನೀಲಿ ಹುಲಿ ದಾರಿಗಡ್ಡ ಮಲಗಿ ಗೋಳಾಡುತ್ತಿತ್ತು. ಹಲ್ಲುಸಂದಿಯಲ್ಲಿ ಮೂಳೆಯ ಚೂರು ಸಿಕ್ಕಿ ವಸಡು ಕೀವುಗಟ್ಟಿತ್ತು. ಚಂಪಕೆ ನಡುಗುತ್ತಲೇ ಅದರ ಬಾಯೊಳಗೆ ಕೈಯಿಟ್ಟಳು. ಚೂರು ತೆಗೆದು, ಉಪ್ಪುನೀರು ಹಾಕಿ ತೊಳೆದು, ಬೇವಿನ ಕಡ್ಡಿಯಿಂದ ಮೆಲ್ಲಗೆ ಉಜ್ಜಿದಳು. ಹುಲಿ ಕಣ್ಣುಮುಚ್ಚಿ ಬೆಕ್ಕಿನ ಹಾಗೆ ಗುರುಗುಟ್ಟಿತು. ಆಮೇಲೆ ಅವಳನ್ನು ಬೆನ್ನಮೇಲೆ ಕೂರಿಸಿಕೊಂಡಿತು.

ಬೆಟ್ಟದಾಚೆ ಪಾಯಸದ ಹೊಳೆ ಹರಿಯುತ್ತಿತ್ತು. ಕೇಸರಿ ಬಣ್ಣದ ಅಲೆ, ಏಲಕ್ಕಿಯ ಗಾಳಿ. ರುಚಿ ನೋಡಿದವರೆಲ್ಲ ದಡದಲ್ಲಿ ಬಾಯಿ ತೆರೆದುಕೊಂಡು, ಒಂದೂ ಹಲ್ಲಿಲ್ಲದೆ, ನಗುತ್ತ ಮಲಗಿದ್ದರು. ಚಂಪಕೆ ತುಟಿ ಬಿಗಿಹಿಡಿದಳು. ಆದರೆ ಹುಲಿ ಆಚೆ ದಡಕ್ಕೆ ಹಾರುವಾಗ ಒಂದು ಹನಿ ಸಿಡಿದು ಅವಳ ತುಟಿಗೆ ಬಿತ್ತು. ನಾಲಿಗೆ ಕೇಳಬೇಕಲ್ಲ, ಸವರಿಯೇ ಬಿಟ್ಟಿತು.

ಕೂಡಲೇ ಊಟೆಯ ಪಕ್ಕದಲ್ಲಿ ಅಮ್ಮ ಕಂಡಳು. ಅದೇ ಹಸಿರು ಸೀರೆ, ಅದೇ ಸಂಪಿಗೆ ಹೂವು. ಚಂಪಕೆ ಓಡಿಹೋಗಿ ಮಡಿಲಲ್ಲಿ ತಲೆಯಿಟ್ಟಳು. ಲೋಕವೆಲ್ಲ ನಿಂತುಹೋಗಲಿ, ಇಷ್ಟೇ ಸಾಕು ಅನ್ನಿಸಿತು. ರೆಪ್ಪೆ ಭಾರವಾಗುವಾಗ ಹಳೆಯ ಅಭ್ಯಾಸದಂತೆ ತಲೆಯೆತ್ತಿದಳು.

"ಅಮ್ಮಾ, ಬಾಯಿ ಮುಕ್ಕಳಿಸಿ ಬರ್ತೀನಿ."

"ಇರಲಿ ಬಿಡು ಮಗಳೇ, ಹಾಗೇ ಮಲಗು" ಎಂದಳು ಆ ಹೆಂಗಸು.

ಚಂಪಕೆ ಮಡಿಲಿನಿಂದ ಎದ್ದು ನಿಂತಳು. ಅಳುತ್ತಲೇ ಊಟೆಯ ನೀರನ್ನು ಬೊಗಸೆಯಲ್ಲಿ ತುಂಬಿ, ಮುಕ್ಕಳಿಸಿ ಉಗಿದಳು. ಹಸಿರು ಸೀರೆ ಹೊಗೆಯಾಗಿ ಹೋಯಿತು. ಚೆಂಬಿಗೆ ನೀರು ತುಂಬಿಕೊಂಡು ಅವಳು ಹುಲಿಯೇರಿ ಹಿಂತಿರುಗಿದಳು.

ಅಷ್ಟರಲ್ಲಿ ಕೋಟೆಯಲ್ಲಿ ಉಳಿದಿದ್ದು ಐದೇ ಬುರುಜು, ಐದೂ ವಾಲುತ್ತಿದ್ದವು. ಮಗಳು ಎಷ್ಟು ಬೇಡಿದರೂ ರಾಜ ಚೆಂಬು ಮುಟ್ಟಲಿಲ್ಲ. ಉಗಿದರೆ ರಾಣಿ ಹೊರಟುಹೋಗುತ್ತಾಳೆ ಎಂದು ಮಗುವಿನಂತೆ ಬಾಯಿ ಮುಚ್ಚಿಕೊಂಡ.

ಚಂಪಕೆ ಅವನ ಕೈ ಹಿಡಿದು ಕೇಳಿದಳು: "ಅಪ್ಪಾಜಿ, ನಿಮಗೆ ಕಾಣೋ ಅಮ್ಮ ಒಂದು ದಿನವಾದರೂ 'ಆ ಅನ್ನಿ, ನೋಡೋಣ' ಅಂದಳಾ?"

ರಾಜನ ಮುಚ್ಚಿದ ಬಾಯಿ ಮೆಲ್ಲಗೆ ತೆರೆಯಿತು.

"ಇಲ್ಲ ಚಂಪಿ. ಒಂದು ದಿನವೂ ಅನ್ನಲಿಲ್ಲ."

ಚೆಂಬನ್ನು ತಾನೇ ಎತ್ತಿಕೊಂಡು, ಎರಡು ಕಣ್ಣಲ್ಲೂ ನೀರು ಸುರಿಸುತ್ತ ಮುಕ್ಕಳಿಸಿ, ಸಕ್ಕರೆಯನ್ನು ಕಿಟಕಿಯಾಚೆ ಉಗಿದ. ಹೊರಗೆ ಜೇನುಜಡೆಯ ತಲೆಯ ಗೂಡುಗಳೆಲ್ಲ ಬಾಯಿಬಿಟ್ಟವು. ಸೆರೆಯಲ್ಲಿದ್ದ ಜೇನುಹುಳುಗಳು ಕಾಡಿಗೆ ಹಾರಿಹೋದವು. ಉಳಿದವನು ಒಬ್ಬ ಬೋಳುತಲೆಯ ಬಡಪಾಯಿ. ಅವನಿಗೆ ಹಿತ್ತಿಲಲ್ಲಿ ಬೇವಿನೆಲೆ ಗುಡಿಸುವ ಕೆಲಸ ಕೊಟ್ಟರು. ಪಾಯಸದ ಹೊಳೆ ತಿಳಿನೀರಾಯಿತು, ದಡದಲ್ಲಿ ಮಲಗಿದ್ದವರು ಎದ್ದು ಮನೆ ಸೇರಿದರು.

ಬಿದ್ದ ಬುರುಜು ಮತ್ತೆ ಏಳಲಿಲ್ಲ. ಮಾಯೆಗೂ ಅಷ್ಟು ಶಕ್ತಿಯಿಲ್ಲ. ಆದರೆ ರಾಜ ದಿನವೂ ಮೆತ್ತನೆಯ ಕಡ್ಡಿ ಹಿಡಿದು, ಮೊದಮೊದಲು ರಕ್ತ ಬಂದರೂ ಬಿಡದೆ, ಬೇರಿನಿಂದ ತುದಿಗೆ ಮೆಲ್ಲಗೆ ಉಜ್ಜಿದ. ವಸಡು ಗಟ್ಟಿಯಾಯಿತು, ಐದೂ ಬುರುಜು ನೆಟ್ಟಗಾದವು. ನೀಲಿ ಹುಲಿ ಹೆಬ್ಬಾಗಿಲ ಕಾವಲಿಗೆ ಬಂತು. ಕಡಲೆ ಹುರಿದ ದಿನ ಮಾತ್ರ ಗಾದೆ ನೆನೆದು ರಾಜ ನಿಟ್ಟುಸಿರಿಡುತ್ತಿದ್ದ, ಚಂಪಕೆ ಅವನಿಗೆಂದು ಬೇರೆಯಾಗಿ ಪುಡಿಮಾಡಿ ಕೊಡುತ್ತಿದ್ದಳು.

ಹೀಗಿರಲು ಒಂದು ರಾತ್ರಿ, ದವಡೆಯಲ್ಲಿ ಸಕ್ಕರೆಯಿಲ್ಲದೆ, ರಾಜನಿಗೆ ತಾನಾಗಿಯೇ ಒಂದು ಕನಸು ಬಿತ್ತು. ರಾಣಿ ದೀಪ ಹಿಡಿದು ಮಂಚದ ಬಳಿ ನಿಂತಿದ್ದಳು, ಮುಖದಲ್ಲಿ ಸ್ವಲ್ಪ ಸಿಟ್ಟು. "ಆ ಅನ್ನಿ, ನೋಡೋಣ" ಎಂದಳು. ರಾಜ ಐದು ಹಲ್ಲಿನ ಬಾಯನ್ನು ಅಗಲವಾಗಿ ತೆರೆದ. ಅವಳು ನೋಡಿ, ತಲೆದೂಗಿ, ದೀಪ ಸಣ್ಣದು ಮಾಡಿದಳು.

ಅವರ ನಾಡಿನಲ್ಲಿ ಇಂದಿಗೂ ಸುಖವೇ ಸುಖ. ನೀವೂ ಮುಕ್ಕಳಿಸಿ ಬನ್ನಿ, ದೀಪ ಸಣ್ಣದು ಮಾಡೋಣ.