ನಜಮಾಳ ಗಂಟಲಿನ ಬೆಂಕಿ

"ನನ್ನ ಮುಟ್ಟಬ್ಯಾಡ್ರೀ!"

ಸಿಂಧನೂರಿನ ಬಸ್‌ಸ್ಟ್ಯಾಂಡಿನಲ್ಲಿ ನಜಮಾ ಚೀರಿದಳು. ಅವಳ ಚೀಲಕ್ಕೆ ಕೈಚಾಚಿದ್ದ ಗಂಡ ದಾವಲ್‌ಸಾಬ್ ಬೆಚ್ಚಿ ನಿಂತುಬಿಟ್ಟ.

ಅದು ೧೯೯೨. ಮದುವೆಯಾಗಿ ವರ್ಷವೂ ತುಂಬಿರಲಿಲ್ಲ. ಹೈದರಾಬಾದಿನ ಆಸ್ಪತ್ರೆಯಲ್ಲಿ ಅವಳ ಗಂಟಲ ಗಡ್ಡೆ ತೆಗೆದು, ವಿಕಿರಣದ ಅಯೋಡಿನ್ ಕುಡಿಸಿದ್ದರು. ಆಮೇಲೆ ದೂರದಿಂದಲೇ ಮೀಟರ್ ಚಾಚಿ ಅಳೆದರು. ಅದು ಟರ್ರ್ ಎಂದು ಕಿರುಚಿತು!

"ಕೆಲವು ವಾರ ಯಾರನ್ನೂ ಹತ್ತಿರ ಬಿಟ್ಟುಕೊಳ್ಳಬೇಡ" ಎಂದಿದ್ದರು ಡಾಕ್ಟರ್. ಆ ಸದ್ದಿನಲ್ಲಿ ನಜಮಾಳಿಗೆ ಕೇಳಿಸಿದ್ದು 'ಯಾರನ್ನೂ' ಎಂಬುದು ಮಾತ್ರ.

ಅವಳು ಗಂಡನ ಮನೆಗೆ ಹೋಗದೆ ಮಸ್ಕಿಯ ತವರು ಸೇರಿದಳು. ಹಿಂದಿನ ಕೋಣೆಯಲ್ಲಿ ತಾಟು, ಚಾಪೆ ಬೇರೆ ಮಾಡಿಕೊಂಡಳು.

ಅದೇ ಕೋಣೆಯಲ್ಲಿ, ಅವಳು 'ಆಪಾ' ಎಂದು ಕರೆಯುತ್ತಿದ್ದ ಅಕ್ಕ ಬಿಬಿಜಾನ್ ಇಂಥದ್ದೇ ಗಡ್ಡೆಯಿಂದ ಸತ್ತಿದ್ದಳು. ಮಟಮಟ ಮಧ್ಯಾಹ್ನ, ಮನೆ ಸದ್ದಡಗಿದಾಗ, ಮೂಲೆಯಿಂದ ಅವಳ ಒಡಕು ದನಿ...

"ಬಂದ್ಯೇನಬೇ ನಜಮಾ...?"

'ನಾನೂ ದೆವ್ವವೇ ಆದೆನಾ? ಮುಟ್ಟಿದವರನ್ನೆಲ್ಲ ಸುಡುವ ದೆವ್ವ...' ಅಕ್ಕನ ಮಗಳು ಓಡಿ ಬಂದರೂ ನಜಮಾ ಬಾಗಿಲು ಹಾಕಿಕೊಳ್ಳುತ್ತಿದ್ದಳು.

ದಾವಲ್‌ಸಾಬ್ ಅಕ್ಕಿ ಮಿಲ್ಲಿಗೆ ರಜೆ ಹಾಕಿ ಬರುತ್ತಿದ್ದ. ಮುಚ್ಚಿದ ಬಾಗಿಲು ನೋಡಿ ಹೋಗುತ್ತಿದ್ದ. ಬೇಸಿಗೆ ಕಳೆಯಿತು. ಕಾಲುವೆಗೆ ನೀರು ಬಿಟ್ಟರು. ಒಂದು ದಿನ ಅವನ ತಾಳ್ಮೆ ಮುಗಿಯಿತು.

"ನಾ ಬ್ಯಾಡಾಗಿದ್ರ ಹೇಳಿಬಿಡು. ಮತ್ತ ಬರೂದಿಲ್ಲ!"

ಒಳಗೆ ಬಿಕ್ಕಳಿಕೆ.

"ನೀವು ಬ್ಯಾಡಂತಲ್ರೀ... ನನ್ನ ಮೈಯಾಗ ಬೆಂಕಿ ಐತಿ. ಮುಟ್ಟಿದ್ರ ನೀವೂ ಆಪಾನಂಗ ಸಾಯ್ತೀರಿ!"

ಅವನು ಬಾಗಿಲಿಗೆ ಹಣೆ ಒತ್ತಿ ಕುಸಿದ. ಇದನ್ನೇ ಇಷ್ಟು ದಿನ ಒಬ್ಬಳೇ ಹೊತ್ತಿದ್ದಳಾ...?

ಲಿಂಗಸುಗೂರಿನ ಕಾಲೇಜಿನಲ್ಲಿ ಅವನ ಗೆಳೆಯ ವೆಂಕೋಬ ಭೌತಶಾಸ್ತ್ರ ಕಲಿಸುತ್ತಿದ್ದ. ಅಲ್ಲಿನ ಲ್ಯಾಬಿನಲ್ಲಿ ವಿಕಿರಣ ಎಣಿಸುವ ಯಂತ್ರವಿತ್ತು. ದಾವಲ್‌ಸಾಬ್ ಅವಳನ್ನು ಒಪ್ಪಿಸಿ ಕರೆದೊಯ್ದ. ಬಸ್ಸಿನಲ್ಲಿ ಅವಳು ಬೇರೆ ಸೀಟಿನಲ್ಲೇ ಕೂತಳು.

ವೆಂಕೋಬ ಅವಳ ಗಂಟಲಿನ ಹತ್ತಿರ ಯಂತ್ರದ ಕೊಳವೆ ಹಿಡಿದ.

ಟಿಕ್... ಟಿಕ್...

"ಇನ್ನೂ ಐತ್ರೀ!" ಅವಳು ಹಿಂದೆ ಸರಿದಳು.

"ಇದು ನಿಂದಲ್ಲ ತಂಗಿ. ಗಾಳ್ಯಾಗ, ಗ್ವಾಡ್ಯಾಗ, ಮಣ್ಣಾಗ ಇಷ್ಟು ಇದ್ದೇ ಇರ್ತೈತಿ. ನೀ ಕುಡಿದದ್ದು ಎಂಟು ದಿನಕ್ಕ ಅರ್ಧ, ಮತ್ತೆಂಟು ದಿನಕ್ಕ ಅದರಾಗಿನ ಅರ್ಧ... ಹಿಂಗ ಕರಗಿ ಯಾವಾಗೋ ಹೋಗೈತಿ."

ಅವಳು ನಂಬಲಿಲ್ಲ.

"ನನ್ನ ಕುತ್ತಿಗಿಗೂ ಹಿಡೀಲೇ" ಎಂದ ದಾವಲ್‌ಸಾಬ್.

ಇಬ್ಬರದನ್ನೂ ಒಂದೊಂದು ನಿಮಿಷ ಯಂತ್ರ ಎಣಿಸಿತು. ವೆಂಕೋಬ ನಕ್ಕುಬಿಟ್ಟ.

"ಆಕೀಗಿಂತ ನಿಂದಾ ಎರಡು ಟಿಕ್ ಜಾಸ್ತಿ ಬಂದಾವಲ್ಲೋ!"

"ಕೇಳಿದ್ಯಾ? ಇನ್ನ ನೀನಾ ನನ್ನಿಂದ ದೂರ ಇರಬೇಕು ನೋಡು."

ನಜಮಾ ನಕ್ಕಳು. ನಗುತ್ತಲೇ ಅಳು ಉಕ್ಕಿತು. ಅವನ ಅಂಗೈ ಎಳೆದು ತನ್ನ ಗಂಟಲಿಗೆ ಒತ್ತಿಕೊಂಡಳು.

"ನನ್ನ ಮ್ಯಾಲ ಸಿಟ್ಟು ಬಂದಿಲ್ಲೇನ್ರೀ?"

"ಭಾಳ ಬಂದೈತಿ. ಮನೀಗೆ ನಡಿ... ಕೂಡಿಸ್ಕೊಂಡು ಬೈತೀನಿ."