ಡಬ್ಬಿಯಲ್ಲಿಟ್ಟ ಕೆಂಪು ಎಳೆಗಳು

ಜಾಗೋರ್ಕಾ ಹದಿಮೂರು ತಿಂಗಳು ಕೂತು ನೇಯ್ದ ಜಮಖಾನೆಯ ಅಂಚಿನಿಂದ ಅವಳ ಹೆಸರಿನ ಎರಡು ಅಕ್ಷರಗಳನ್ನು ಕತ್ತರಿಸಿ ತೆಗೆದು, ಆ ಜಾಗದಲ್ಲಿ ನೇಕಾರರ ಸಂಘದ ಅಧ್ಯಕ್ಷೆ ವುಕೋಸಾವಾಳ ಹೆಸರಿನ ಎರಡು ಅಕ್ಷರಗಳನ್ನು ಕೂರಿಸಲಾಯಿತು.

ಇದು ಜಾಗೋರ್ಕಾಗೆ ತಿಳಿದದ್ದು ಪ್ರದರ್ಶನದ ದಿನ ಬೆಳಿಗ್ಗೆ. ಅತಿಥಿಗಳು ಬರುವ ಮೊದಲೇ ಒಮ್ಮೆ ಕಣ್ತುಂಬ ನೋಡಿಕೊಳ್ಳೋಣವೆಂದು ಅವಳು ಪಿರೋತ್ ಊರಿನ ಸಭಾಂಗಣಕ್ಕೆ ಬಂದಿದ್ದಳು.

ಗೋಡೆಗೆ ತೂಗುಬಿಟ್ಟಿದ್ದ ಜಮಖಾನೆಯ ಕೆಳ ಅಂಚಿನಲ್ಲಿ ಒಬ್ಬ ಗಂಡಸು ಮಂಡಿಯೂರಿ ಕೂತಿದ್ದ. ತುಟಿಗಳ ನಡುವೆ ಸೂಜಿ. ಬಲಗೈಯಲ್ಲಿ ಸಣ್ಣ ಕತ್ತರಿ. ಬೆರಳ ತುದಿಗಳೆಲ್ಲ ಬಣ್ಣ ಹತ್ತಿ ಕೆಂಪು.

"ಏನ್ ಮಾಡ್ತಿದ್ದೀಯ ಅಲ್ಲಿ?"

ಅವನು ಸೂಜಿ ತೆಗೆದು ತಿರುಗಿದ. "ಹುಳ ತಿಂದಿತ್ತು. ಸರಿ ಮಾಡ್ತಿದ್ದೀನಿ. ಮುಟ್ಬೇಡಿ, ಕೊನೇ ಎಳೆ ಇನ್ನೂ ಸಡಿಲ ಇದೆ."

ಜಾಗೋರ್ಕಾ ಬಗ್ಗಿ ನೋಡಿದಳು. ತನ್ನ ಅಕ್ಷರಗಳಿರಬೇಕಾದ ಕಡೆ ಬೇರೆ ಅಕ್ಷರಗಳು...

"ಹುಳಾನಾ? ಓದು ಬರಹ ಕಲಿತ ಹುಳ ಅನ್ಸುತ್ತೆ. ಇಷ್ಟು ದೊಡ್ಡ ಜಮಖಾನೇಲಿ ಹುಡುಕಿ ಹುಡುಕಿ ನನ್ನ ಎರಡಕ್ಷರಾನೇ ತಿಂದಿದೆ."

"ನಿಮ್ಮದಾ? ಇದು... ಅಧ್ಯಕ್ಷೆ ನೇಯ್ದಿದ್ದು ಅಂದ್ರು."

"ಅವಳು ಮಗ್ಗ ಮುಟ್ಟಿ ಇಪ್ಪತ್ತು ವರ್ಷ ಆಯ್ತು."

ಅವಳು ಅಂಚನ್ನು ಹಿಡಿದು ಮಗುಚಿದಳು. ಪಿರೋತಿನ ಜಮಖಾನೆಗೆ ಹಿಂಬದಿಯೆಂಬುದಿಲ್ಲ, ಎರಡೂ ಮುಖ ಒಂದೇ. ಗಂಟಾಗಲಿ ತೇಪೆಯಾಗಲಿ ಅಡಗಿ ಕೂರಲು ಜಾಗವೇ ಇರುವುದಿಲ್ಲ. ಆದರೂ ಅವಳ ಬೆರಳಿಗೆ ಹಳೆಯದು ಎಲ್ಲಿ ಮುಗಿಯಿತು, ಹೊಸದು ಎಲ್ಲಿ ಶುರುವಾಯಿತು ಎಂದು ಸಿಗಲಿಲ್ಲ. ಅಷ್ಟು ನಾಜೂಕಿನ ಕೆಲಸ. ಅದಕ್ಕೇ ಇನ್ನಷ್ಟು ಹೇಸಿಗೆಯಾಯಿತು.

'ಇಂಥ ಕೈ... ಇಂಥ ಹೊಲಸಿಗೆ!'

"ಕತ್ತರಿಸಿದ್ದು ನಾನಲ್ಲ," ಎಂದ ಅವನು.

"ಕತ್ತರಿ ನಿನ್ನ ಕೈಲಿದೆ."

"ಇದು ತುದಿ ಕತ್ತರಿಸೋಕೆ ಅಷ್ಟೇ. ನಾನು ಬಂದಾಗಲೇ ತೂತಿತ್ತು."

"ನಿನ್ನ ಹೆಸರೇನು?"

"ಗ್ರಾದಿಮಿರ್."

"ಅದನ್ನೂ ಎಲ್ಲಾದ್ರೂ ಹೊಲ್ಕೋ. ಜಾಗ ಬೇಕಾದಷ್ಟಿದೆ."

ಅವಳು ತಿರುಗಿ ನೋಡದೆ ಹೊರಟಳು. ಆದರೆ ಬಾಗಿಲು ದಾಟುವವರೆಗೂ ಬೆನ್ನ ಮೇಲೆ ಅವನ ದೃಷ್ಟಿ ಇದ್ದದ್ದು ತಿಳಿಯುತ್ತಿತ್ತು. ಅದೂ ಅಸಹ್ಯವೆನಿಸಿತು.

ಮಧ್ಯಾಹ್ನ ಸಭಾಂಗಣ ತುಂಬಿತು. ಸುಟ್ಟ ಕುರಿಮರಿ, ಪ್ಲಮ್ ಹಣ್ಣಿನ ಸಾರಾಯಿ, ಭಾಷಣ. ರಾಜಧಾನಿಯಿಂದ ಬಂದ ದಪ್ಪನೆಯ ಅತಿಥಿಯೊಬ್ಬ ಕುರಿಕೊಬ್ಬು ಹತ್ತಿದ ಬೆರಳುಗಳಲ್ಲೇ ಜಮಖಾನೆಯ ಅಂಚನ್ನು ಹಿಂಡಿ, "ಒಳ್ಳೆ ದಪ್ಪ ಇದೆ," ಎಂದು ಹೊಗಳಿದ. ನಂತರ ಅದೇ ಬೆರಳನ್ನು ನೆಕ್ಕಿಕೊಂಡ.

ಪೌಡರು ಮೆತ್ತಿದ ಕೆನ್ನೆಯನ್ನು ಒಬ್ಬೊಬ್ಬರ ಮುತ್ತಿಗೂ ಒಡ್ಡುತ್ತ ವುಕೋಸಾವಾ ನಿಂತಿದ್ದಳು. "ಹದಿಮೂರು ತಿಂಗಳು ಕಣ್ರೀ. ಬೆನ್ನು ಬಿದ್ದೇ ಹೋಯ್ತು."

ಪಿರೋತಿನ ಹೆಂಗಸರು ತಲೆತಲಾಂತರದಿಂದ ನೇಯ್ದರು. ಅವರ ಜಮಖಾನೆಗಳನ್ನು ಅರಮನೆಯ ಗೋಡೆಗೂ ತೂಗುಹಾಕಿದರು. ಅವರ ಬಾಗಿದ ಬೆನ್ನನ್ನು ಯಾರೂ ಎಲ್ಲಿಯೂ ತೂಗುಹಾಕಲಿಲ್ಲ. ಈಗ ಆ ಬೆನ್ನುನೋವನ್ನೂ ಒಬ್ಬಳು ಕದ್ದು ತನ್ನದೆನ್ನುತ್ತಿದ್ದಳು.

ಜಾಗೋರ್ಕಾಳನ್ನು ಕಂಡೊಡನೆ ವುಕೋಸಾವಾ ಪಕ್ಕಕ್ಕೆ ಕರೆದಳು. "ಮುಖ ಯಾಕೆ ಹುಳಿ ಮಜ್ಜಿಗೆ ಕುಡಿದ ಹಾಗೆ, ಮಗಳೇ? ಸಂಘದ ಹೆಸರು ಬೆಳೆದ್ರೆ ನಿನ್ನದೂ ಬೆಳೆದ ಹಾಗೇ ಅಲ್ವಾ?"

"ಹಾಗಾದ್ರೆ ಸಂಘದ ಹೆಸರು ಹಾಕಿಸ್ಬೇಕಿತ್ತು. ನಿನ್ನದು ಯಾಕೆ?"

"ನಿನಗೆ ಮೊದಲ ಸಾಲು ಹಾಕಿಸಿದ್ದು ಯಾರು? ಮರ್ತೆಯಾ? ಹೊಸದು ಬೇಗ ಶುರು ಮಾಡು. ಈ ಸಲ ನನ್ನ ಅಕ್ಷರಾನೇ ನೇಯ್ದುಬಿಡು. ಬಿಚ್ಚೋ ತಾಪತ್ರಯ ಇರಲ್ಲ."

ಬೀಳ್ಕೊಡುವಾಗ ಆಕೆ ಜಾಗೋರ್ಕಾಳ ಕೆನ್ನೆ ತಟ್ಟಿದಳು. ಅಂಗೈ ಒದ್ದೆಯಾಗಿತ್ತು.

ಮನೆಗೆ ಬಂದ ಜಾಗೋರ್ಕಾ ಕೆನ್ನೆಯನ್ನು ಮೂರು ಸಲ ತೊಳೆದಳು. ಹಳೆಯ ಜಮಖಾನೆಯಿಂದ ಉಳಿಸಿಟ್ಟಿದ್ದ ಕೊನೆಯ ಎಳೆಯನ್ನು ತೆಗೆದು ಒಲೆಗೆ ಎಸೆದಳು. ಉಣ್ಣೆ ಸುಟ್ಟ ಕೂದಲಿನಂತೆ ನಾರಿತು.

ಆ ಊರಿನ ಮಗ್ಗಕ್ಕೊಂದು ಕಟ್ಟಳೆಯಿದೆ. ಹಳೆಯದರ ಎಳೆಯಿಂದಲೇ ಹೊಸದರ ಮೊದಲ ಸಾಲು. ಅದಿಲ್ಲದೆ ಯಾವ ಹೆಂಗಸೂ ಸಾಲು ಬಡಿಯುವ ಬಾಚಣಿಗೆ ಎತ್ತುವುದಿಲ್ಲ.

ಅಂದಿನಿಂದ ಮಗ್ಗ ಬರಿಯ ಹಾಸು ಹೊತ್ತು ನಿಂತಿತು. ಹೊಕ್ಕು ಇಲ್ಲ. ಉಣ್ಣೆಯ ಬುಟ್ಟಿಯ ಹತ್ತಿರ ಹೋದರೆ ಸಾಕು, ಜಾಗೋರ್ಕಾಗೆ ವಾಕರಿಕೆ ಬರುತ್ತಿತ್ತು.

"ಬರೀ ಹಾಸಿನ ಮಗ್ಗ ಅಂದ್ರೆ ಬಾಯಿ ಬಿಟ್ಕೊಂಡು ಕೂತ ಹಾಗೆ," ಎಂದಳು ಅವಳ ಅಜ್ಜಿ ಡೋಕಾ. "ನೊಣ ಹೋಗುತ್ತೆ."

"ಹೋಗ್ಲಿ ಬಿಡಜ್ಜಿ."

"ಎಳೆ ಎಲ್ಲೇ?"

"ಒಲೆಗೆ ಹಾಕ್ದೆ."

ಎಂಬತ್ತು ವರ್ಷದ ಆ ಅಜ್ಜಿ ಬಗ್ಗಿ ಒಲೆಯ ಬೂದಿಯನ್ನೆಲ್ಲ ಕೆದಕಿ ನೋಡಿದಳು.

'ಇನ್ನು ಈ ಜನ್ಮದಲ್ಲಿ ನೇಯಲಾರೆನೇನೋ...' ಎಂದುಕೊಂಡಳು ಜಾಗೋರ್ಕಾ. ಆ ಯೋಚನೆಗೆ ಅಳುವೂ ಬರಲಿಲ್ಲ. ಎಂಟನೆಯ ವಯಸ್ಸಿನಿಂದ ಅವಳಿಗೆ ಗೊತ್ತಿದ್ದದ್ದು ಅದೊಂದೇ ಕೆಲಸ.

ಹತ್ತೊಂಬತ್ತನೆಯ ದಿನ ಗ್ರಾದಿಮಿರ್ ಬಾಗಿಲಲ್ಲಿ ನಿಂತಿದ್ದ. ಕೈಯಲ್ಲಿ ತುಕ್ಕು ಹಿಡಿದ ತಗಡಿನ ಡಬ್ಬಿ.

"ಹುಳದ ಕಡೆಯೋರು ಬಂದಿದ್ದಾರೆ, ಅಜ್ಜಿ," ಎಂದಳು ಜಾಗೋರ್ಕಾ. "ಬಾಗಿಲು ಹಾಕು."

"ಬಂದೋನಿಗೆ ಚೆರಿ ಪಾಕ ಕೊಡದೆ ಬಾಗಿಲು ಹಾಕಿದ ಮನೆ ಅಲ್ಲ ಇದು," ಎಂದಳು ಡೋಕಾ. ತಟ್ಟೆಯಲ್ಲಿ ಒಂದು ಚಮಚ ಪಾಕ, ಪಕ್ಕಕ್ಕೊಂದು ಲೋಟ ನೀರು. "ತಿನ್ನಪ್ಪ. ತಿಂದ್ಮೇಲೆ ಬೇಕಾದ್ರೆ ಬೈಸ್ಕೋ."

ಅವನು ತಿಂದ. ನೀರು ಕುಡಿದ. ಡಬ್ಬಿಯನ್ನು ಮೇಜಿನ ಮೇಲಿಟ್ಟ.

ಒಳಗೆ ಕೆಂಪು ಉಣ್ಣೆಯ ತುಂಡುಗಳು. ಬೆರಳುದ್ದ, ಅರ್ಧ ಬೆರಳುದ್ದ, ನೂರಾರು. ತಾನೇ ಬಣ್ಣ ಕುದಿಸಿ ಅದ್ದಿದ ಆ ಕೆಂಪನ್ನು ಜಾಗೋರ್ಕಾ ಕಣ್ಣು ಮುಚ್ಚಿಯೂ ಗುರುತಿಸಬಲ್ಲಳು. ಅದು ಅವಳ ಹೆಸರು!

"ತೂತಿನ ಸುತ್ತ ಹಾಸಲ್ಲಿ ಸಿಕ್ಕಿಕೊಂಡಿತ್ತು," ಎಂದ ಅವನು. "ತೇಪೆ ಹಾಕೋನು ಹಳೇ ಎಳೆ ಬಿಸಾಡಬಾರ್ದು. ನನಗೆ ಕೆಲಸ ಕಲಿಸಿದೋರು ಹಾಗೆ ಹೇಳಿದ್ರು."

ಅವಳು ಒಂದು ತುಂಡನ್ನೆತ್ತಿ ಬೆಳಕಿಗೆ ಹಿಡಿದಳು. ತುದಿ ಓರೆಯಾಗಿತ್ತು. ಎಡಗೈಯವರು ಕತ್ತರಿ ಹಿಡಿದರೆ ಬರುವ ಓರೆ. ಇನ್ನೊಂದು ತುಂಡು, ಮತ್ತೊಂದು... ಎಲ್ಲವೂ ಹಾಗೆಯೇ.

ಪಕ್ಕದವರ ಮೊಣಕೈ ತಾಗದಿರಲೆಂದು, ಮಗ್ಗದ ಮುಂದೆ ಕೂರುವ ಹಲಗೆಯ ಎಡತುದಿ ಯಾರಿಗೆಂದು ಊರಿಗೇ ಗೊತ್ತಿತ್ತು. ಎಡಗೈ ವುಕೋಸಾವಾ! ಪುಟ್ಟ ಜಾಗೋರ್ಕಾಳ ಬೆರಳು ಹಿಡಿದು ಮೊದಲ ಸಾಲು ಹಾಕಿಸಿದ್ದು ಅದೇ ಎಡಗೈ. ಹಾಗಾದರೆ ಇವನು ಕತ್ತರಿಸಿದ್ದಲ್ಲ...

ಅವಳ ಧ್ವನಿ ಮಾತ್ರ ಸಡಿಲಾಗಲಿಲ್ಲ. "ಹುಳ ತಿಂದ ತುದಿ ಹೇಗಿರುತ್ತೆ?"

"ಚಿಂದಿ ಚಿಂದಿ. ಮುಟ್ಟಿದ್ರೆ ಪುಡಿ ಆಗುತ್ತೆ."

"ಇದು?"

"ಕತ್ತರಿದು."

"ಆವತ್ತೇ ನೀನು ನೋಡಿದ್ದೆ ಅಲ್ವಾ?"

ಗ್ರಾದಿಮಿರ್ ಖಾಲಿ ಲೋಟವನ್ನು ಸುತ್ತಿಸಿದ. ಸುಳ್ಳು ಹೇಳಿದ್ದರೆ ಅಲ್ಲಿಂದಲೇ ಅವನನ್ನು ಓಡಿಸುವುದು ಸುಲಭವಿತ್ತು.

"ನೋಡಿದ್ದೆ. ಕೇಳ್ಲಿಲ್ಲ. ಒಳ್ಳೆ ಜಮಖಾನೆ ಕೈಗೆ ಸಿಕ್ಕಿತ್ತು, ಅಂಥ ನೇಯ್ಗೆ ಪಕ್ಕ ನನ್ನ ಕೈಯೂ ನಿಲ್ಲುತ್ತಾ ನೋಡೋಣ ಅನ್ನೋ ಆಸೆ... ಕಣ್ಣಿಗೆ ಕಂಡಿದ್ದನ್ನ ಬಾಯಿಗೆ ಬಿಡ್ಲಿಲ್ಲ."

"ಥೂ."

"ಹೌದು. ಹತ್ತೊಂಬತ್ತು ದಿನದಿಂದ ನಾನೂ ಅದನ್ನೇ ಅಂದ್ಕೊಳ್ತಿದ್ದೀನಿ."

ಡೋಕಾ ಅಜ್ಜಿ ಒಳಗೊಳಗೇ ನಕ್ಕಳು. ಅವನು ಮುಂದುವರಿಸಿದ. "ಊರಲ್ಲಿ ಗುಸುಗುಸು ಎದ್ದಿದೆ. ಹುಳ ತಿಂದಿದ್ದು ಅಂತ ಬರೆದು ಸಹಿ ಹಾಕು ಅಂದ್ಲು ಅಧ್ಯಕ್ಷೆ. ಹಾಕ್ಲಿಲ್ಲ. ಸಂಘದ ಕೆಲಸ ಇನ್ನು ನನಗಿಲ್ಲ. ಅದು ಹೇಳೋಕೆ ಬಂದಿದ್ದಲ್ಲ. ಇದು ನಿಮ್ಮದು, ಕೊಡೋಕೆ ಬಂದೆ."

ಅವನು ಎದ್ದ. ಹೊಸ್ತಿಲವರೆಗೂ ಹೋದ.

"ತುಂಡು ತುಂಡು ಕೊಟ್ಟು ಹೋದ್ರೆ ಸಾಲು ಆಗುತ್ತಾ?" ಎಂದಳು ಜಾಗೋರ್ಕಾ, ಡಬ್ಬಿಯಿಂದ ಕಣ್ಣೆತ್ತದೆ. "ಯಾರು ಸೇರಿಸ್ತಾರೆ? ಹುಳನಾ?"

ಅವನು ಹಿಂದಿರುಗಿದ.

ನಾಲ್ಕು ದಿನ ಅವನು ಬಂದ. ತುದಿಗೆ ತುದಿ ಬಿಡಿಸಿ, ಎಂಜಲು ಹಚ್ಚಿ, ತೊಡೆಯ ಮೇಲೆ ಹೊಸೆದು ಎಳೆ ಉದ್ದ ಮಾಡಿದ. ಎಂಜಲೆಂದರೆ ಅಸಹ್ಯವಾಗಬೇಕಿತ್ತು ಅವಳಿಗೆ. ಆಗಲಿಲ್ಲ. ಬುಟ್ಟಿಯ ಹತ್ತಿರ ಹೋದರೂ ವಾಕರಿಕೆ ಬರಲಿಲ್ಲ.

ಮೂರನೆಯ ದಿನ ಹೊಸೆಯುವಾಗ ಇಬ್ಬರ ಬೆರಳೂ ಒಂದೇ ತುದಿ ಹಿಡಿದವು. ಯಾರೂ ಬಿಡಲಿಲ್ಲ.

"ಇನ್ನೂ ಕೋಪಾನಾ?" ಎಂದ ಅವನು ಮೆಲ್ಲಗೆ.

"ಹೂಂ."

"ಎಷ್ಟು ದಿನ?"

"ಈ ಜಮಖಾನೆ ಮುಗಿಯೋವರೆಗೆ."

"ಹದಿಮೂರು ತಿಂಗಳು?"

"ಇದು ದೊಡ್ಡದು. ಎರಡು ವರ್ಷ ಆಗಬಹುದು."

ಅವನ ಮುಖದಲ್ಲಿ ಮೂಡಿದ ನಗುವನ್ನು ಅವಳು ನೋಡದಂತೆ ನಟಿಸಿದಳು.

ಊರಿನಲ್ಲಿ ಹೆಸರು ನೇಯುವುದು ಕೊನೆಯ ಅಂಚಿನಲ್ಲಿ, ಕೆಲಸ ಮುಗಿದ ಮೇಲೆ. ಜಾಗೋರ್ಕಾ ಮೊದಲ ಅಂಚಿನಲ್ಲೇ ನೇಯ್ದಳು. ಕತ್ತರಿಸಿ ಎಸೆದ ಅದೇ ಕೆಂಪಿನಿಂದ ಅದೇ ಎರಡಕ್ಷರ.

ನಾಲ್ಕನೆಯ ದಿನ ಮಧ್ಯಾಹ್ನ ವುಕೋಸಾವಾ ಬಂದಳು. ಗುಲಾಬಿ ನೀರಿನ ಘಾಟು ಅವಳಿಗಿಂತ ಮೊದಲು ಒಳಗೆ ಬಂತು. ಮಗ್ಗ ಕಂಡು ಮುಖ ಅರಳಿತು. ಅಕ್ಷರ ಕಂಡು ಬಾಡಿತು. ಹಲಗೆಯ ಮೇಲೆ ಜಾಗೋರ್ಕಾಳ ಪಕ್ಕ ಕೂತಿದ್ದ ಗಂಡಸನ್ನು ಕಂಡು ಬಾಯಿ ಓರೆಯಾಯಿತು.

"ಓಹೋ. ಮದುವೆ ವರದಕ್ಷಿಣೆ ನೇಯ್ತಿದ್ದೀರಾ ಇಬ್ಬರೂ?"

"ಕೂತ್ಕೊ. ಚೆರಿ ಪಾಕ ಕೊಡ್ತೀನಿ," ಎಂದಳು ಡೋಕಾ.

"ಬೇಡ. ಬಿಚ್ಚೇ ಅದನ್ನ, ಜಾಗೋರ್ಕಾ. ಅಕ್ಷರ ಕೊನೇಲಿ ಬರಬೇಕು. ಯಾರದು ಬರಬೇಕು ಅಂತ ಹೇಳಿದ್ದೀನಿ. ಸಂಘದ ಉಣ್ಣೆ ಬೇಕೋ ಬೇಡ್ವೋ?"

"ಉಣ್ಣೆ ಕುರಿದು, ವುಕೋಸಾವಾ. ಸಂಘದ್ದಲ್ಲ."

ವುಕೋಸಾವಾ ಗ್ರಾದಿಮಿರ್ ಕಡೆ ತಿರುಗಿದಳು. "ನೀನು ಬಿಚ್ಚು. ನಿನಗೆ ಅಭ್ಯಾಸ ಇದೆ."

ಗ್ರಾದಿಮಿರ್ ಹಲಗೆಯ ಮೇಲಿದ್ದ ಕತ್ತರಿಯನ್ನೆತ್ತಿ ಜಾಗೋರ್ಕಾಳ ಕೈಗಿಟ್ಟ. ಜಾಗೋರ್ಕಾ ಎದ್ದು ಅದನ್ನು ವುಕೋಸಾವಾಳ ಎಡಗೈಗೆ ಕೊಟ್ಟಳು.

"ನೀನೇ ಕತ್ತರಿಸು. ಆವತ್ತಿನ ಹಾಗೆ. ನಾವು ಮೂರು ಜನ ಕೂತು ನೋಡ್ತೀವಿ."

ವುಕೋಸಾವಾ ಡಬ್ಬಿಯ ತಳದಲ್ಲಿ ಉಳಿದಿದ್ದ ಓರೆ ತುದಿಯ ತುಂಡುಗಳನ್ನು ನೋಡಿದಳು. ಅವಳ ಎಡಗೈ ಮೇಲೇಳಲಿಲ್ಲ.

"ಕೊನೇ ಸಲ ಹೇಳ್ತಿದ್ದೀನಿ. ಬಿಚ್ಚು."

"ಬಿಚ್ಚಲ್ಲ."

ಕತ್ತರಿ ಮೇಜಿನ ಮೇಲೆ ಬಿದ್ದ ಸದ್ದಾಯಿತು. ಬಾಗಿಲು ಬಡಿಯಿತು. ಗುಲಾಬಿಯ ಘಾಟು ಹೋಗಲೆಂದು ಡೋಕಾ ಕಿಟಕಿಗಳನ್ನೆಲ್ಲ ತೆರೆದಳು.

ಜಾಗೋರ್ಕಾ ಮತ್ತೆ ಹಲಗೆಗೆ ಬಂದು ಕೂತು ಹಾಸಿನ ಮೇಲೆ ಕೈಯಿಟ್ಟಳು. ಗ್ರಾದಿಮಿರ್ ಆ ಕೈಯ ಮೇಲೆ ತನ್ನ ಕೆಂಪು ಬೆರಳುಗಳನ್ನಿಟ್ಟ.

"ಉಣ್ಣೆ ಎಲ್ಲಿಂದ ತರ್ತೀಯ?" ಎಂದ.

"ಗೊತ್ತಿಲ್ಲ. ನೀನು ಬಣ್ಣ ಹಾಕಿಕೊಡ್ತೀಯಾ?"

"ಎರಡು ವರ್ಷಾನಾ?"

"ಆಮೇಲೆ ಇನ್ನೊಂದು ಶುರು ಮಾಡ್ಬೇಕಲ್ಲ... ಅದಕ್ಕೂ."

ಡೋಕಾ ಅಜ್ಜಿ ಸೊಂಟದ ಮೇಲೆ ಕೈಯಿಟ್ಟು ನಿಂತಳು. "ಏ ಗ್ರಾದಿಮಿರ್, ಸಾಕು, ಏಳೋ ಹಲಗೆಯಿಂದ. ಗಂಡಸು ಮಗ್ಗದ ಮುಂದೆ ಕೂತ್ರೆ ಕೋಳಿ ಮೊಟ್ಟೆ ಇಡೋದು ನಿಲ್ಲಿಸುತ್ತಂತೆ. ಊರು ನಗುತ್ತೆ."

ಜಾಗೋರ್ಕಾ ಬಾಚಣಿಗೆ ಎತ್ತಿ ಹೊಸ ಸಾಲನ್ನು ಬಡಿದಳು. ಅವನು ಮುಂದಿನ ಎಳೆಯನ್ನು ಅವಳ ಕೈಗೆ ಕೊಟ್ಟು, ಇನ್ನೂ ಸ್ವಲ್ಪ ಒತ್ತಿ ಕೂತ.

"ಏಳಲ್ಲ, ಅಜ್ಜಿ."