ಯಾವ ಡಿಗ್ರಿ

ಮಧುಗಿರಿಗೆ ಬೆಟ್ಟ ಹತ್ತಲು ಬಂದವರು ಆ ಏಕಶಿಲೆಯನ್ನು ನೋಡಿ ಬಾಯಿ ಬಿಡುತ್ತಾರೆ. ಕೆಳಗಿನ ಪೊಲೀಸ್ ಠಾಣೆಯಲ್ಲಿ ಇನ್ನೊಂದು ಏಕಶಿಲೆ ಕೂತಿದೆ ಎಂಬುದು ಅವರಿಗೆ ಗೊತ್ತೇ ಇಲ್ಲ. ಹೆಸರು ತಿಪ್ಪೇಶ್, ಹುದ್ದೆ ಕಾನ್‌ಸ್ಟೆಬಲ್. ಅವನ ಎಂಟ್ರಿಗೆ ಹಿನ್ನೆಲೆ ಸಂಗೀತ ಬೇಕಿಲ್ಲ, ಬೂಟಿನ ಸದ್ದೇ ಸಾಕು. ಹಾಲಿನಲ್ಲಿ ನೀರು ಕಂಡುಹಿಡಿಯುವವರು ತಾಲ್ಲೂಕಿಗೆ ನೂರು ಜನ ಸಿಗಬಹುದು. ನೀರೇ ಇಲ್ಲದ ಹಾಲಿನಲ್ಲಿ ನೀರು ಹೇಗೆ ಬಂತು ಎಂದು ಕಂಡುಹಿಡಿದವನು ಇವನೊಬ್ಬನೇ. ನಂಬದಿದ್ದರೆ ಓದಿ.

ಜನವರಿಯ ಒಂದು ಸೋಮವಾರ ಬೆಳಿಗ್ಗೆ ಒಂಬತ್ತೂವರೆಗೆ ವೃಷಭೇಂದ್ರಪ್ಪ ಠಾಣೆಗೆ ಬಂದರು. ಬಡವನಹಳ್ಳಿ ಕಡೆಯ ಒಂದು ಊರಿನಲ್ಲಿ ಹಾಲಿನ ಕೇಂದ್ರ ನಡೆಸುವವರು. ಹಣೆಯ ತುಂಬ ವಿಭೂತಿ, ಹಿಂದೆ ಆಳಿನ ಕೈಯಲ್ಲಿ ಹಾಲಿನ ಕ್ಯಾನು.

"ಏನು ದೂರು?" ಇನ್ಸ್‌ಪೆಕ್ಟರ್ ಪ್ರಭುದೇವ್ ಕೇಳಿದರು.

"ನನ್ನ ಮಾನ ಹೋಗೈತೆ ಸಾ."

"ಕೊನೇ ಸಲ ಎಲ್ಲಿ ನೋಡಿದ್ರಿ?" ಪೆನ್ನು ಹಿಡಿದಿದ್ದ ತಿಪ್ಪೇಶ್ ಕೇಳಿದ. ಇನ್ಸ್‌ಪೆಕ್ಟರ್ ದುರುಗುಟ್ಟಿ ನೋಡಿದ ಮೇಲೆ ತಲೆ ತಗ್ಗಿಸಿ ಬರೆಯತೊಡಗಿದ.

ವೃಷಭೇಂದ್ರಪ್ಪನವರು ಊರಿನ ಹಾಲನ್ನು ಮಧುಗಿರಿಯ ಒಂದು ಖಾಸಗಿ ಡೇರಿಗೆ ಹಾಕುತ್ತಿದ್ದರು. ಹೋದ ವಾರದಿಂದ ಅಲ್ಲಿನ ಲ್ಯಾಬು ದಿನವೂ 'ನೀರು ಬೆರೆತಿದೆ' ಎಂದು ಅವರ ಹಾಲನ್ನು ಮಾತ್ರ ತಿರಸ್ಕರಿಸುತ್ತಿತ್ತು. ಹಾಗೆ ತಿರಸ್ಕಾರವಾದ ಹಾಲನ್ನು ಬೇರೆ ಊರಿನವರ ಕಣ್ಣೆದುರೇ ಗೇಟಿನ ಪಕ್ಕದ ಚರಂಡಿಗೆ ಸುರಿಯುತ್ತಿದ್ದರು. ಈ ದಿನ ಜಗಳವಾಡಿ ಒಂದು ಕ್ಯಾನು ಉಳಿಸಿಕೊಂಡು ಬಂದಿದ್ದರು.

"ಶುಕ್ರವಾರ ಊರೋರು ಸಭೆ ಸೇರ್ತಾರೆ ಸಾ. ಕೇಂದ್ರ ನನ್ ಕೈಯಿಂದ ಕಿತ್ಕೊಂಡು ಬ್ಯಾರೆಯೋರಿಗೆ ಕೊಡ್ತಾರಂತೆ. ಬೀದೀಲಿ ಹೋದ್ರೆ ಹುಡುಗ್ರು 'ನೀರಾಲಪ್ಪ ಬಂದ' ಅಂತವೆ. ಇಂಥ ಮಾತು ಕೇಳಕ್ಕಾ ನಾನು ಇಷ್ಟು ವರ್ಷ ಬದುಕಿದ್ದು?"

"ನೀರು ಬೆರೆಸಿದ್ದೀರಾ?"

"ಶಿವನಾಣೆ ಇಲ್ಲ."

ಕ್ಯಾನಿಗೆ ಸೀಲು ಹಾಕಲಾಯಿತು. ಹಾಲು ಒಡೆಯದಿರಲೆಂದು ತಿಪ್ಪೇಶ್ ಅದಕ್ಕೆ ಒದ್ದೆ ಗೋಣಿಚೀಲ ಸುತ್ತಿ ಒಳಕೋಣೆಯಲ್ಲಿಟ್ಟ.

ಮಧ್ಯಾಹ್ನ ಎಲ್ಲರೂ ಡೇರಿಯ ಲ್ಯಾಬಿಗೆ ಹೋದರು. ಲ್ಯಾಬಿನ ಮುಖ್ಯಸ್ಥ ಅರುಣ್ ಕುಮಾರ್. ಹಾಲು ಪರೀಕ್ಷಿಸುವವಳು ಬಿಂದುಶ್ರೀ, ಬಿಎಸ್ಸಿ ಓದಿದ ಹುಡುಗಿ.

"ನಮ್ಮೂರುಡುಗಿನೇ ಸಾ," ಎಂದರು ವೃಷಭೇಂದ್ರಪ್ಪ. "ಇವಳ್ದೇನೂ ತಪ್ಪಿಲ್ಲ ಬುಡಿ. ಆ ಕಂಪ್ಯೂಟರ್ ಹೇಳ್ದಂಗೆ ಕೇಳ್ತಾಳೆ."

"ಹಾಲಲ್ಲಿ ನೀರಿದೆ ಅಂತ ಹೇಳೋದು ಯಾರು?" ಇನ್ಸ್‌ಪೆಕ್ಟರ್ ಅರುಣ್ ಕುಮಾರನನ್ನು ಕೇಳಿದರು.

"ಲ್ಯಾಬ್ ಸಾಫ್ಟ್‌ವೇರ್ ಸಾರ್. ಹಾಲಲ್ಲಿ ತೇಲಿಬಿಡೋ ಲ್ಯಾಕ್ಟೋಮೀಟರ್ ಎಷ್ಟು ತೋರಿಸ್ತು, ಹಾಲಿನ ಬಿಸಿ ಎಷ್ಟು, ಜಿಡ್ಡೆಷ್ಟು, ಮೂರನ್ನೂ ಈ ಹುಡುಗಿ ಟೈಪ್ ಮಾಡ್ತಾಳೆ. ಹಾಲಿನಲ್ಲಿ ಜಿಡ್ಡು ಬಿಟ್ಟು ಗಟ್ಟಿ ಅಂಶ ಶೇಕಡಾ ಎಷ್ಟಿದೆ ಅಂತ ಅದೇ ಲೆಕ್ಕ ಹಾಕುತ್ತೆ. ಎಂಟೂವರೆ ಬಂದ್ರೆ ಪಾಸು, ಕಮ್ಮಿ ಬಂದ್ರೆ ಚರಂಡಿ. ಮನುಷ್ಯರ ಕೈವಾಡಕ್ಕೆ ಜಾಗಾನೇ ಇಲ್ಲ."

ಇನ್ಸ್‌ಪೆಕ್ಟರ್ ಸೀಲು ಒಡೆಸಿ, ಒಂದೇ ಕ್ಯಾನಿನ ಹಾಲನ್ನು ಎರಡು ಬಾಟಲಿಗೆ ತುಂಬಿಸಿದರು. ಒಂದನ್ನು ಕಂಪ್ಯೂಟರಿನಲ್ಲಿ ವೃಷಭೇಂದ್ರಪ್ಪನವರ ಊರಿಗಿದ್ದ ಕೋಡಿನಲ್ಲಿ, ಇನ್ನೊಂದನ್ನು ಪಕ್ಕದೂರಿನ ಕೋಡಿನಲ್ಲಿ ಪರೀಕ್ಷೆ ಮಾಡಲು ಹೇಳಿದರು. ಫಲಿತಾಂಶ ಬೇರೆ ಬೇರೆ ಬಂದರೆ ಕೈವಾಡ ಖಚಿತ.

ಬೇರೆ ಬರಲಿಲ್ಲ. ಎರಡಕ್ಕೂ 8.54. ಎರಡೂ ಪಾಸು.

"ಬೆಳಿಗ್ಗೆ ನೀರಾಗಿದ್ದ ಹಾಲು ಮಧ್ಯಾಹ್ನಕ್ಕೆ ಹಾಲಾಗಿದೆ," ಅರುಣ್ ಕುಮಾರ್ ನಕ್ಕ. "ಠಾಣೆಗೆ ಬರೋ ದಾರೀಲಿ ಯಜಮಾನ್ರು ಕ್ಯಾನ್ ಬದಲಾಯಿಸಿರಬೇಕು ಸಾರ್."

ಇನ್ಸ್‌ಪೆಕ್ಟರ್ ವೃಷಭೇಂದ್ರಪ್ಪನವರ ಕಡೆ ತಿರುಗಿದರು. "ಸುಳ್ಳು ದೂರು ಕೊಟ್ಟರೆ ನಿಮ್ಮ ಮೇಲೇ ಕೇಸ್ ಆಗುತ್ತೆ. ಗೊತ್ತಿದೆಯಾ?"

ಮುದುಕರು ಖಾಲಿ ಕ್ರೇಟಿನ ಮೇಲೆ ಕುಸಿದು ಕೂತರು. ಬಿಂದುಶ್ರೀ ಬಾಟಲಿಗಳನ್ನು ತೊಳೆಯಲು ಹೊರಗಿನ ನಲ್ಲಿಗೆ ಹೋದಳು.

ಇಲ್ಲಿ ನಮ್ಮ ಏಕಶಿಲೆ ಮೇಲೆದ್ದಿತು. ಸಂಜೆ ಠಾಣೆಯಲ್ಲಿ ತಿಪ್ಪೇಶ್ ಇನ್ಸ್‌ಪೆಕ್ಟರ್ ಮುಂದೆ ಸೆಲ್ಯೂಟ್ ಹೊಡೆದು ನಿಂತ.

"ಸಾರ್, ಬೆಳಿಗ್ಗೆ ಹಾಲು ಬಿಸಿ ಇತ್ತು. ನಮ್ ಗೋಣಿಚೀಲದಲ್ಲಿ ತಣ್ಣಗಾಯ್ತು. ಕಳ್ಳ ಬಿಸೀಲಿ ಅವಿತಿದಾನೆ. ಬಿಸಿ ಆರೋ ಮೊದ್ಲೇ ಹಿಡೀಬೇಕು."

"ಯಾವ ಸಿನಿಮಾದ್ದಯ್ಯ ಇದು?"

"ಸ್ವಂತದ್ದು ಸಾರ್."

ಮಂಗಳವಾರ ಬೆಳಿಗ್ಗೆ ಏಳಕ್ಕೆ, ವೃಷಭೇಂದ್ರಪ್ಪನವರು ಆಗತಾನೇ ತಂದ ಕ್ಯಾನನ್ನು ಇಬ್ಬರು ಪಂಚರ ಎದುರು ಡೇರಿಯ ಗೇಟಿನಲ್ಲೇ ತೆರೆಯಲಾಯಿತು. ಮತ್ತೆ ಎರಡು ಬಾಟಲಿ. ಹಾಲಿನ ಶಾಖ ಎರಡರಲ್ಲೂ ಮೂವತ್ತನಾಲ್ಕು ಡಿಗ್ರಿ. ಪಕ್ಕದೂರಿನ ಕೋಡಿನಲ್ಲಿ 8.54, ಪಾಸು. ವೃಷಭೇಂದ್ರಪ್ಪನವರ ಕೋಡಿನಲ್ಲಿ 8.19, ಫೇಲು.

"ಲೆಕ್ಕದ ಪುಟ ತೆಗೀರಿ," ಎಂದರು ಇನ್ಸ್‌ಪೆಕ್ಟರ್.

ಪರದೆಯ ಮೇಲೆ ಸೂತ್ರ ತೆರೆದುಕೊಂಡಿತು. ಹಾಲು ಬಿಸಿಯಿದ್ದಷ್ಟೂ ಲ್ಯಾಕ್ಟೋಮೀಟರ್ ಆಳಕ್ಕೆ ಮುಳುಗುತ್ತದೆ, ಒಳ್ಳೆಯ ಹಾಲನ್ನೂ ನೀರಾಲಿನಂತೆ ತೋರಿಸುತ್ತದೆ. ಅದಕ್ಕಾಗಿ ಇಪ್ಪತ್ತೇಳು ಡಿಗ್ರಿ ದಾಟಿದ ಶಾಖಕ್ಕೆ ತಕ್ಕಂತೆ ಒಂದಿಷ್ಟು ಕೂಡಿಸಬೇಕು. ಎಲ್ಲ ಊರಿನ ಹಾಲಿಗೂ ಸಾಫ್ಟ್‌ವೇರ್ ಹಾಗೆ ಕೂಡಿಸುತ್ತಿತ್ತು. ಒಂದು ಊರಿನ ಕೋಡು ಬಂದಾಗ ಮಾತ್ರ ಆ ಹೆಜ್ಜೆಯನ್ನು ಬಿಟ್ಟು ಮುಂದೆ ಹೋಗುವಂತೆ ಯಾರೋ ಸೂತ್ರ ಬದಲಿಸಿದ್ದರು. ಬದಲಿಸಿದವರ ಹೆಸರಿನ ಜಾಗದಲ್ಲಿ ಅರುಣ್ ಕುಮಾರ್ ಎಂದಿತ್ತು.

"ಪಾಸ್‌ವರ್ಡ್ ನಂದೇ ಸಾರ್," ಅರುಣ್ ಕುಮಾರ್ ಬೆವರಿದ. "ಆದ್ರೆ ಲೆಕ್ಕ ಕೂರಿಸೋಕೆ ನನಗೆ ಬರಲ್ಲ. ಈ ಹುಡುಗಿಗೆ ಕೊಟ್ಟಿದ್ದೆ."

"ಮನುಷ್ಯರ ಕೈವಾಡಕ್ಕೆ ಜಾಗ ಇಲ್ಲ ಅಂದ್ರಿ."

ಬಿಂದುಶ್ರೀ ಮುಂದೆ ಬಂದಳು. "ನಾನೇ ಮಾಡಿದ್ದು ಸಾ."

"ಯಾಕಮ್ಮ?"

"ವೃಷಭೇಂದ್ರಪ್ಪೋರನ್ನ ಒಂದು ಮಾತು ಕೇಳಿ. ನಮ್ಮಪ್ಪ ಚಿಕ್ಕಹನುಮಯ್ಯನ ಹಾಲು ಅಳೆದಾಗ ಡಿಗ್ರಿ ನೋಡಿದ್ರಾ ಅಂತ."

"ಡಿಗ್ರಿ ನೋಡ್ದೆ ಯಾರ ಹಾಲೂ ತಗಂಡಿಲ್ಲ ನಾನು," ಎಂದರು ವೃಷಭೇಂದ್ರಪ್ಪ.

"ಯಾವ ಡಿಗ್ರಿ?"

ವೃಷಭೇಂದ್ರಪ್ಪ ಇನ್ಸ್‌ಪೆಕ್ಟರ್ ಮುಖ ನೋಡಿದರು. ಹಳ್ಳಿಯ ಡೇರಿಗಳಲ್ಲಿ ಲ್ಯಾಕ್ಟೋಮೀಟರಿನ ಗೀಟಿಗೂ ಡಿಗ್ರಿ ಎನ್ನುತ್ತಾರೆ, ಹಾಲಿನ ಶಾಖಕ್ಕೂ ಡಿಗ್ರಿ ಎನ್ನುತ್ತಾರೆ. ಅವರು ನೋಡಿಕೊಂಡು ಬಂದದ್ದು ಮೊದಲನೆಯದನ್ನು ಮಾತ್ರ.

"ನಮ್ಮನೆ ಹಾಲಿನ ಕೇಂದ್ರದ ಎದುರುಗೇ ಸಾ," ಎಂದಳು ಬಿಂದುಶ್ರೀ. "ನಮ್ಮಪ್ಪ ಕೆಚ್ಚಲಿಂದ ಕರೆದು ಅಂಗೇ ತಗಂಡೋಗೋರು. ಊರಿಗೆಲ್ಲ ಬಿಸಿ ಹಾಲು ನಮ್ದು. ಇವ್ರು ಆ ಬಿಸೀನ ಲೆಕ್ಕಕ್ಕೆ ತಗಳ್ನಿಲ್ಲ. 'ನೀರು ಬೆರೆಸ್ತೀಯೇನ್ಲಾ' ಅಂತ ಬೀದಿಗೆ ಸುರುದ್ರು. ನಾನು ನಮ್ಮಪ್ಪನ ಕೈ ಹಿಡ್ಕಂಡು ನಿಂತಿದ್ದೆ. ಮಾರ್ನೆ ದಿನ ಹಸ ಮಾರುದ್ರು. ಇವತ್ತಿಗೂ ನಮ್ಮಪ್ಪ ಹಾಲು ಹಾಕಿದ ಕಾಪಿ ಕುಡಿಯಲ್ಲ."

"ಅದಕ್ಕೆ ಇವರಿಗೆ ಸುಳ್ಳು ಲೆಕ್ಕ ಕಟ್ಟಿದೆಯಾ?"

"ಹೊಸ ಲೆಕ್ಕ ಏನೂ ಕಟ್ನಿಲ್ಲ ಸಾ. ಅವ್ರು ನಮ್ಮಪ್ಪನಿಗೆ ಹಾಕಿದ ಲೆಕ್ಕಾನೇ ಅವ್ರಿಗೂ ಹಾಕ್ದೆ."

"ನೆನಪಿಲ್ಲ ಕಣಮ್ಮ," ಎಂದರು ವೃಷಭೇಂದ್ರಪ್ಪ. ಅವರು ಸುಳ್ಳು ಹೇಳುತ್ತಿರಲಿಲ್ಲ. "ಎಷ್ಟು ಜನದ ಹಾಲು ಚೆಲ್ಲಿದೀನೋ."

"ನಂಗೈತೆ," ಎಂದಳು ಬಿಂದುಶ್ರೀ.

ಮಾಹಿತಿ ತಂತ್ರಜ್ಞಾನ ಕಾಯ್ದೆಯಡಿ ಎಫ್‌ಐಆರ್ ದಾಖಲಾಯಿತು. ಮಹಿಳಾ ಕಾನ್‌ಸ್ಟೆಬಲ್ ಬಂದ ಮೇಲೆ ಆರೋಪಿಯನ್ನು ಬಂಧಿಸಿ, ಜಾಮೀನು ಕೊಡಬಹುದಾದ ಅಪರಾಧವಾದ್ದರಿಂದ ಸಂಜೆಗೆ ಜಾಮೀನಿನ ಮೇಲೆ ಬಿಡಲಾಯಿತು. ದೂರುದಾರರ ಹೇಳಿಕೆಯನ್ನು ತಿಪ್ಪೇಶನೇ ಬರೆದ. ಅದರಲ್ಲಿ ಒಂದು ವಾಕ್ಯ ಹೀಗಿತ್ತು: 'ಬಿಸಿ ಹಾಲನ್ನು ಶಾಖ ನೋಡದೆ ಅಳೆದರೆ, ನೀರು ಬೆರೆಸದ ಹಾಲೂ ನೀರು ಬೆರೆಸಿದಂತೆ ಕಾಣುತ್ತದೆ ಎಂದು ನನಗೆ ಈಗ ತಿಳಿದಿದೆ.' ತಮ್ಮ ಹಾಲು ಶುದ್ಧ ಎನ್ನಲು ವೃಷಭೇಂದ್ರಪ್ಪನವರಿಗೆ ಇದ್ದ ಸಾಕ್ಷಿ ಅದೊಂದೇ. ಪಂಚನಾಮೆಗೆ ಸಹಿ ಹಾಕಿದರು, ಹೇಳಿಕೆಯನ್ನು ಎರಡು ಸಲ ಓದಿಸಿಕೊಂಡು ಅದಕ್ಕೂ ಹಾಕಿದರು.

ಶುಕ್ರವಾರದ ಊರಸಭೆಯಲ್ಲಿ ಅವರು ಅದೇ ಮಾತು ಹೇಳಿ ಕೇಂದ್ರವನ್ನು ಉಳಿಸಿಕೊಂಡರು. ಎಲ್ಲರೂ ಏಳುವಾಗ ನರಸಮ್ಮ ಎಂಬ ಮುದುಕಿ ಕೂತಲ್ಲಿಂದಲೇ ಕೇಳಿದಳು, "ಅಂಗಾದ್ರೆ ಚಿಕ್ಕನುಮಯ್ಯನ ಹಾಲು?" ಬಂದೋಬಸ್ತಿಗೆ ಹೋಗಿದ್ದ ತಿಪ್ಪೇಶ್ ನೋಡುತ್ತಿದ್ದಂತೆ, ಎದ್ದಿದ್ದವರು ಒಬ್ಬೊಬ್ಬರಾಗಿ ಮತ್ತೆ ಕೂತರು.

ಈಗ ನಿಜ ಹೇಳುತ್ತೇನೆ. ಆ ತಿಪ್ಪೇಶ್ ನಾನೇ. ಬಿಸಿಯ ಐಡಿಯಾ ನನ್ನದಲ್ಲ. ಸೋಮವಾರ ಮಧ್ಯಾಹ್ನ ಮುದುಕರು ಸುಳ್ಳುಗಾರರಾಗಿ ಕ್ರೇಟಿನ ಮೇಲೆ ಕೂತಿದ್ದಾಗ ಕೈ ತೊಳೆಯಲೆಂದು ನಲ್ಲಿಯ ಹತ್ತಿರ ಹೋಗಿದ್ದೆ. ಅಲ್ಲಿ ಬಿಂದುಶ್ರೀ ಬಾಟಲಿ ತೊಳೆಯುತ್ತಿದ್ದಳು. ಅವಳು ಶುಕ್ರವಾರದ ತನಕ ಬಾಯಿ ಮುಚ್ಚಿಕೊಂಡಿದ್ದರೆ ಗೆದ್ದುಬಿಡುತ್ತಿದ್ದಳು.

"ಅಣ್ಣಾ, ನಾಳೆ ಹಾಲು ಬಿಸಿ ಇರೋವಾಗ್ಲೇ ಬಂದು ನೋಡಿ," ಎಂದಳು. "ಆಗ ಸಿಕ್ಕಿದ್ದನ್ನೆಲ್ಲ ಬರ್ದು ಅವ್ರ ಕೈಲಿ ಸೈನ್ ಹಾಕುಸ್ಕತೀರಾ?"

"ಹಾಕುಸ್ಕತೀವಿ."

"ಅದ್ರದ್ದು ಒಂದು ಕಾಪಿ ಸಿಗ್ತದಾ? ಮನೇಲಿ ಒಬ್ರಿಗೆ ಓದಿ ಹೇಳ್ಬೇಕು."

"ಹೊರಗಿನೋರಿಗೆಲ್ಲ ಕೊಡಲ್ಲ ಕಣಮ್ಮ," ಎಂದು ನಾನು ನಗೆಚಟಾಕಿ ಹಾರಿಸಿದೆ. "ಆರೋಪಿಗಾದ್ರೆ ಪುಕ್ಕಟೆ ಕೊಡ್ತೀವಿ."

ಅವಳು ನಗಲಿಲ್ಲ. ತೊಳೆದ ಬಾಟಲಿಯನ್ನು ಬೋರಲು ಹಾಕಿ, ಕೈ ಒರೆಸಿಕೊಂಡಳು.

"ಸರಿ ಬುಡಿ ಅಣ್ಣಾ, ಅಂಗೇ ಆಗ್ಲಿ," ಎಂದಳು.